ಹಳೇ ಡೀಸೆಲ್ ಎಂಜಿನ್ನೇ ಗಟ್ಟಿ ಅನ್ನೋರಿಗೆ: ಕಾಮನ್ ರೈಲ್ ಒಳಗೆ ನಿಜವಾಗಿ ಏನಾಗತ್ತೆ?

"ಹಳೇ ಡೀಸೆಲ್ ಎಂಜಿನ್ ಇತ್ತಲ್ಲ, ಅದೇ ಗಟ್ಟಿ, ಏನ್ ಹಾಕಿದ್ರೂ ಓಡ್ತಿತ್ತು, ಈಗಿನದ್ದು ಬರೀ ಸೆನ್ಸರ್ರು, ಒಂದು ಲೈಟ್ ಹತ್ಕೊಂಡ್ರೆ ಮುಗೀತು ಕಥೆ." ಡೀಸೆಲ್ ಗಾಡಿ ಇಟ್ಕೊಂಡಿರೋ ಯಾರ ಜೊತೆ ಮಾತಾಡಿದ್ರೂ ಈ ಮಾತು ಬಂದೇ ಬರತ್ತೆ. ಇದರಲ್ಲಿ ಅರ್ಧ ನಿಜ ಇದೆ, ಇನ್ನರ್ಧ ತಪ್ಪು ತಿಳುವಳಿಕೆ. ಹೊಸ ಎಂಜಿನ್ ನಾಜೂಕು ಅನ್ನೋದು ನಿಜ, ಆದ್ರೆ ಆ ನಾಜೂಕುತನ ಎಲ್ಲಿಂದ ಬಂತು, ಅದಕ್ಕೆ ಬದಲಾಗಿ ನಮಗೆ ಏನೇನು ಸಿಕ್ಕಿದೆ, ಕೆಡೋದು ಯಾವ ಕಾರಣಕ್ಕೆ, ಇಷ್ಟು ಗೊತ್ತಾದ್ರೆ ಆ ದೂರಿನ ಮುಕ್ಕಾಲು ಭಾಗ ತಾನಾಗೇ ಕರಗಿಹೋಗತ್ತೆ ಅನ್ನೋದು ನನ್ನ ಅಭಿಪ್ರಾಯ. ಎಲ್ಲದರ ಮೂಲ ಒಂದೇ ಕಡೆ ಇದೆ, ಡೀಸೆಲ್ಲನ್ನ ಸಿಲಿಂಡರ್ ಒಳಗೆ ಚಿಮ್ಮಿಸೋ ವ್ಯವಸ್ಥೆಯಲ್ಲಿ, ಅಂದ್ರೆ ಫ್ಯೂಯೆಲ್ ಇಂಜೆಕ್ಷನ್‌ನಲ್ಲಿ. ಅದರ ಈಗಿನ ರೂಪವೇ ಕಾಮನ್ ರೈಲ್.

ಮೊದಲು ಡೀಸೆಲ್ ಎಂಜಿನ್ನಿನ ಸ್ವಭಾವ ನೋಡೋಣ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೆ ಬರುವಾಗ ಒಳಗಿರೋ ಗಾಳಿಯನ್ನ ಹದಿನೈದು ಹದಿನಾರು ಪಟ್ಟು ಹಿಂಡಿ ಬಿಡತ್ತೆ, ಹಳೇ ಎಂಜಿನ್ನುಗಳಲ್ಲಿ ಇಪ್ಪತ್ತು ಪಟ್ಟಿಗೂ ಮೇಲೆ, ಆ ಹಿಂಡೋ ರಭಸಕ್ಕೇ ಗಾಳಿ 500 ಡಿಗ್ರಿ ದಾಟಿ ಕಾಯತ್ತೆ, ಅಷ್ಟು ಕಾದ ಗಾಳಿಗೆ ಡೀಸೆಲ್ ಬಿದ್ರೆ ತಾನಾಗೇ ಹತ್ತಿಕೊಳ್ಳತ್ತೆ. ಪೆಟ್ರೋಲ್ ಎಂಜಿನ್ನಲ್ಲಿ ಆಕ್ಸಿಲೇಟರ್ ಒತ್ತಿದ್ರೆ ಥ್ರಾಟಲ್ ತೆರೆದು ಒಳಗೆ ಬರೋ ಗಾಳಿ ಜಾಸ್ತಿ ಆಗತ್ತೆ. ಡೀಸೆಲ್ಲಲ್ಲಿ ಪವರ್ ಹೆಚ್ಚುಕಮ್ಮಿ ಮಾಡೋದಕ್ಕೆ ಆ ಥರ ಗಾಳಿ ತಡೆಯೋದಿಲ್ಲ, ಎಷ್ಟು ಡೀಸೆಲ್ ಹಾಕ್ತೀರೋ ಅಷ್ಟು ಪವರ್, ಅಷ್ಟೇ ಲೆಕ್ಕ. ಅಂದ್ರೆ ಯಾವಾಗ ಹತ್ಕೋಬೇಕು, ಎಷ್ಟು ಉರೀಬೇಕು, ಎಷ್ಟು ನುಣ್ಣಗೆ ಹರಡಬೇಕು, ಈ ಮೂರನ್ನೂ ಡೀಸೆಲ್ ಚಿಮ್ಮಿಸೋ ಭಾಗ, ಅಂದ್ರೆ ಇಂಜೆಕ್ಟರ್ರೇ ತೀರ್ಮಾನ ಮಾಡತ್ತೆ. ಪೆಟ್ರೋಲ್ ಎಂಜಿನ್ನಲ್ಲಿ ಮೂರು ಬೇರೆಬೇರೆ ಭಾಗಗಳು ಹಂಚಿಕೊಂಡು ಮಾಡೋ ಕೆಲಸ ಇಲ್ಲಿ ಒಬ್ಬನ ತಲೆ ಮೇಲೆ ಬಿದ್ದಿದೆ.

ಅದಕ್ಕೆ ಸಿಗೋ ಟೈಮ್ ಎಷ್ಟು ಅಂತ ಸ್ವಲ್ಪ ಲೆಕ್ಕ ಹಾಕಿ ನೋಡಿ. ಎಂಜಿನ್ 2000 ಆರ್‌ಪಿಎಂನಲ್ಲಿ ಓಡ್ತಿದ್ರೆ ಕ್ರ್ಯಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್, ಒಂದು ಸುತ್ತು ತಿರುಗೋಕೆ 30 ಮಿಲಿಸೆಕೆಂಡ್, ಒಂದು ಡಿಗ್ರಿ ತಿರುಗೋಕೆ 0.083 ಮಿಲಿಸೆಕೆಂಡ್. ಡೀಸೆಲ್ ಹಾಕೋಕೆ ಸರಿಯಾದ ಗಳಿಗೆ ಅಂತ ಇರೋದು ಪಿಸ್ಟನ್ ತುದಿಗೆ ಬರೋ ಆಸುಪಾಸಿನ 20-25 ಡಿಗ್ರಿ, ಅಂದ್ರೆ ಹೆಚ್ಚುಕಮ್ಮಿ 2 ಮಿಲಿಸೆಕೆಂಡ್. ಇಷ್ಟರಲ್ಲಿ ಡೀಸೆಲ್ ಒಳಗೆ ಬಂದು, ಮಂಜಿನ ಥರ ಒಡೆದು, ಆವಿಯಾಗಿ, ಗಾಳಿ ಜೊತೆ ಬೆರೆತು, ಉರಿಯೋಕೆ ಶುರು ಆಗಬೇಕು. ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಲ್ಲಿ ಫುಲ್ ಲೋಡ್ ಇದ್ದಾಗ ಒಂದು ಸಲಕ್ಕೆ ಹೋಗೋದು ಸುಮಾರು 50 ಘನ ಮಿಲಿಮೀಟರ್, ಅಂದ್ರೆ ಹೆಚ್ಚುಕಮ್ಮಿ ಒಂದು ಹನಿ, ಐಡ್ಲಿಂಗ್‌ನಲ್ಲಿ ಆ ಹನಿಯ ಹತ್ತನೇ ಒಂದು ಭಾಗ.

ಆ ಒಂದು ಹನಿಯನ್ನ ಎಷ್ಟು ಚೂರು ಮಾಡ್ತೀವಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಹನಿ ಹನಿಯಾಗೇ ಇದ್ರೆ ಅದರ ಮೇಲ್ಮೈ ಒಂದು ಚದರ ಸೆಂಟಿಮೀಟರ್ ಕೂಡ ಇರಲ್ಲ, ಅದನ್ನೇ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಕಣಗಳಾಗಿ ಒಡೆದ್ರೆ ಒಂದು ಕೋಟಿಗೂ ಮೇಲೆ ಕಣಗಳಾಗತ್ತೆ, ಒಟ್ಟು ಮೇಲ್ಮೈ ಸುಮಾರು 150 ಚದರ ಸೆಂಟಿಮೀಟರ್ ಆಗತ್ತೆ. ಬೆಂಕಿ ಹತ್ತೋದು ಮೇಲ್ಮೈಯಿಂದ ಎದ್ದ ಆವಿಗೆ, ಹಾಗಾಗಿ ನುಣ್ಣಗಿದ್ದಷ್ಟೂ ಬೇಗ ಉರಿಯತ್ತೆ, ಪೂರ್ತಿ ಉರಿಯತ್ತೆ. ದಪ್ಪ ಹನಿ ಬಿದ್ರೆ ಹೊರಗಡೆ ಮಾತ್ರ ಉರಿದು ಒಳಗಿನ ಇಂಗಾಲ ಹಾಗೇ ಉಳಿದುಬಿಡತ್ತೆ, ಅದೇ ಸೈಲೆನ್ಸರಿಂದ ಕಪ್ಪು ಹೊಗೆಯಾಗಿ ಬರತ್ತೆ. ಹಳೇ ಲಾರಿ ಏರು ಹತ್ತುವಾಗ ಹಿಂದೆ ಬರ್ತಿದ್ದ ಆ ಕಪ್ಪು ಮೋಡ ಅಂದ್ರೆ ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್ಲೇ, ಉರಿಯದೆ ಗಾಳಿಗೆ ಹೋಗ್ತಿದ್ದದ್ದು. ನುಣ್ಣಗೆ ಒಡೆಯೋಕೆ ಬೇಕಾಗಿರೋದು ಪ್ರೆಷರ್ ಮತ್ತೆ ಸಣ್ಣ ತೂತು. ಡೀಸೆಲ್ ಇಂಜೆಕ್ಷನ್ನಿನ ನೂರಿಪ್ಪತ್ತು ವರ್ಷದ ಇತಿಹಾಸ ಹೆಚ್ಚುಕಮ್ಮಿ ಈ ಪ್ರೆಷರ್ ಏರಿಸೋ ಇತಿಹಾಸವೇ.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ನನ್ನ ಯಶಸ್ವಿಯಾಗಿ ಓಡಿಸಿ ತೋರಿಸಿದಾಗ ಇಂಧನವನ್ನ ಒಳಗೆ ತಳ್ಳೋಕೆ ಬೇರೆ ಕಂಪ್ರೆಸರಿಂದ ಬಂದ ಗಾಳಿ ಊದ್ತಿದ್ರು. ಆ ಕಂಪ್ರೆಸರ್ ದೊಡ್ಡದು, ಭಾರ, ಹಾಗಾಗಿ ಎಂಜಿನ್ ಫ್ಯಾಕ್ಟರಿಯಲ್ಲೋ ಹಡಗಲ್ಲೋ ಇರಬೇಕಿತ್ತು, ರೋಡಿಗೆ ಬರೋ ಹಾಗಿರಲಿಲ್ಲ. 1927ರಲ್ಲಿ ಬಾಷ್ ಕಂಪನಿ ಇನ್‌ಲೈನ್ ಪಂಪನ್ನ ದೊಡ್ಡ ಸಂಖ್ಯೆಯಲ್ಲಿ ತಯಾರು ಮಾಡೋಕೆ ಶುರು ಮಾಡಿದ ಮೇಲೆ ಡೀಸೆಲ್ ನಿಜವಾಗಿ ಲಾರಿ ಹತ್ತಿತು. ಪ್ರತಿ ಸಿಲಿಂಡರಿಗೂ ಒಂದೊಂದು ಪುಟ್ಟ ಪ್ಲಂಜರ್ (ಡೀಸೆಲ್ ತಳ್ಳೋ ಉಕ್ಕಿನ ಕಡ್ಡಿ), ಎಂಜಿನ್ ತಿರುಗಿಸೋ ಉಬ್ಬುಗಾಲಿ, ಅಂದ್ರೆ ಕ್ಯಾಮ್, ಬಂದು ಅದನ್ನ ಒತ್ತಿದಾಗ ಡೀಸೆಲ್ ಪೈಪಲ್ಲಿ ನುಗ್ಗಿ ನಾಜಲ್ ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದಿರೋ ಸೂಜಿಯನ್ನ ಎತ್ತಿ ಚಿಮ್ಮತ್ತೆ, ಗವರ್ನರ್ ಒಂದು ರ‍್ಯಾಕನ್ನ ಆಚೀಚೆ ಸರಿಸಿ ಎಷ್ಟು ಹೋಗಬೇಕು ಅಂತ ನೋಡ್ಕೊಳ್ಳತ್ತೆ. ಒಂದು ವೈರ್ ಕೂಡ ಇಲ್ಲದೆ ಬರೀ ಉಕ್ಕಿನ ಭಾಗಗಳಿಂದ ಇಷ್ಟು ನಿಖರವಾಗಿ ಅಳತೆ ಮಾಡಿದ್ರಲ್ಲ, ಅದನ್ನ ನೆನೆಸಿಕೊಂಡ್ರೆ ನಂಗೆ ಇವತ್ತಿಗೂ ಆ ಪಂಪಿನ ಮೇಲೆ ಗೌರವ ಇದೆ.

ಆದ್ರೆ ಅದರಲ್ಲಿ ಒಂದು ಹುಟ್ಟುದೋಷ ಇತ್ತು. ಪ್ರೆಷರ್ ಹುಟ್ಟೋದೂ ಡೀಸೆಲ್ ಚಿಮ್ಮೋದೂ ಎರಡೂ ಒಂದೇ ಕ್ಷಣ, ಒಂದೇ ಕ್ಯಾಮ್ ಏಟಿಗೆ. ಎಂಜಿನ್ ನಿಧಾನ ಓಡ್ತಿದ್ರೆ ಕ್ಯಾಮೂ ನಿಧಾನ, ಪ್ರೆಷರೂ ಕಮ್ಮಿ, ಸ್ಪ್ರೇನೂ ದಪ್ಪ. ಅದೂ ಯಾವಾಗ, ಕೆಳಗಿನ ಆರ್‌ಪಿಎಂನಲ್ಲಿ ಭಾರ ಎಳೆಯಬೇಕಾದ ಹೊತ್ತಲ್ಲೇ, ಅಂದ್ರೆ ಒಳ್ಳೆ ಸ್ಪ್ರೇ ತುಂಬಾ ಬೇಕಾಗಿರೋ ಹೊತ್ತಲ್ಲೇ ಅದು ಸಿಕ್ತಿರಲಿಲ್ಲ. ಇನ್ನೊಂದು, ಕ್ಯಾಮ್ ಒಂದು ಸಲ ಹೊಡೆದ್ರೆ ಡೀಸೆಲ್ ಒಂದು ಸಲ ಹೋಗತ್ತೆ, ಮುಗೀತು, ಅದನ್ನ ಎರಡು ಮೂರು ಕಂತಾಗಿ ಹಾಕ್ಬೇಕು ಅಂದ್ರೆ ಆಗ್ತಿರಲಿಲ್ಲ, ಟೈಮಿಂಗೂ ಸ್ವಲ್ಪ ಆಚೀಚೆ ಮಾತ್ರ ಸರಿಸಬಹುದಿತ್ತು.

ಕಾಮನ್ ರೈಲ್ ಮಾಡಿದ ಕೆಲಸ ಒಂದೇ ಒಂದು: ಪ್ರೆಷರ್ ಮಾಡೋ ಕೆಲಸವನ್ನೂ ಡೀಸೆಲ್ ಬಿಡೋ ಕೆಲಸವನ್ನೂ ಬೇರೆ ಬೇರೆ ಮಾಡಿಬಿಡ್ತು. ಕೈಪಂಪು ಹೊಡೆದು ನೀರು ಹಿಡಿಯೋದಕ್ಕೂ, ಮಾಳಿಗೆ ಮೇಲೆ ಟ್ಯಾಂಕ್ ಇಟ್ಟು ನಲ್ಲಿ ತಿರುಗಿಸೋದಕ್ಕೂ ಏನು ವ್ಯತ್ಯಾಸ ಇದೆಯೋ ಅದೇ ವ್ಯತ್ಯಾಸ ಇಲ್ಲಿ. ಕೈಪಂಪಲ್ಲಿ ನೀವು ಎಷ್ಟು ಜೋರಾಗಿ ಹೊಡೀತೀರೋ ನೀರು ಅಷ್ಟು ಜೋರಾಗಿ ಬರತ್ತೆ, ಹೊಡೆದಾಗ ಮಾತ್ರ ಬರತ್ತೆ. ಟ್ಯಾಂಕ್ ಇದ್ರೆ ಮೋಟರ್ ಯಾವಾಗಾದ್ರೂ ತುಂಬಿಸಿಟ್ಟಿರಲಿ, ನಲ್ಲಿ ತಿರುಗಿಸಿದಾಗ ನೀರು ಅದೇ ರಭಸದಲ್ಲಿ ಸಿಗತ್ತೆ, ಬೇಕಾದಾಗ ತಿರುಗಿಸಿ, ಬೇಕಾದಷ್ಟು ಸಲ ತಿರುಗಿಸಿ. ರೈಲ್ ಅಂದ್ರೆ ಆ ಟ್ಯಾಂಕು, ದಪ್ಪ ಗೋಡೆಯ ಒಂದು ಉಕ್ಕಿನ ಕೊಳವೆ, ಎಲ್ಲಾ ಇಂಜೆಕ್ಟರಿಗೂ ಅದೇ ಒಂದು, ಅದಕ್ಕೇ ಕಾಮನ್ ಅನ್ನೋ ಹೆಸರು. ಇಂಜೆಕ್ಟರ್‌ಗಳು ನಲ್ಲಿಗಳು.

ಈ ಯೋಚನೆ ಹೊಸದೇನಲ್ಲ, ನೂರು ವರ್ಷದ ಹಿಂದೆಯೇ ಬ್ರಿಟನ್ನಿನ ವಿಕರ್ಸ್ ಕಂಪನಿ ಸಬ್‌ಮರೀನ್ ಎಂಜಿನ್ನುಗಳಲ್ಲಿ ಇದರ ಮೆಕ್ಯಾನಿಕಲ್ ರೂಪ ಬಳಸಿತ್ತು. ಆದ್ರೆ ಮಿಲಿಸೆಕೆಂಡಿನ ಒಂದು ತುಣುಕಲ್ಲಿ ತೆರೆದು ಮುಚ್ಚೋ ನಲ್ಲಿ ಬೇಕಿತ್ತು, ಅದಕ್ಕೆ ಎಲೆಕ್ಟ್ರಾನಿಕ್ಸ್ ಬರೋವರೆಗೂ ಕಾಯಬೇಕಾಯ್ತು. 1960ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ರಾಬರ್ಟ್ ಹ್ಯೂಬರ್ ಇದರ ಪ್ರೋಟೋಟೈಪ್ ಮಾಡಿದ್ರು, 1995ರಲ್ಲಿ ಜಪಾನಿನ ಡೆನ್ಸೋ ಇದನ್ನ ಹಿನೋ ಟ್ರಕ್ಕಿಗೆ ಹಾಕಿ ಮಾರುಕಟ್ಟೆಗೆ ತಂತು, ಕಾರಿನ ಕಡೆ ಫಿಯಟ್ ಗುಂಪಿನವರು ಇಟಲಿಯಲ್ಲಿ ಬೆಳೆಸಿದ ಕೆಲಸವನ್ನ ಬಾಷ್ ತಗೊಂಡು ಫ್ಯಾಕ್ಟರಿ ಮಟ್ಟಕ್ಕೆ ತಂದು 1997ರಲ್ಲಿ ಆಲ್ಫಾ ರೋಮಿಯೋ 156ರಲ್ಲಿ ಬಂತು. ಆಗ ಪ್ರೆಷರ್ 1350 ಬಾರ್. ಆಮೇಲೆ 1600, 1800, 2000 ಅಂತ ಏರ್ತಾ ಈಗ 2500 ಬಾರ್ ದಾಟಿದೆ. ನಡುವೆ ಪ್ರತಿ ಸಿಲಿಂಡರಿಗೂ ಪಂಪೂ ಇಂಜೆಕ್ಟರೂ ಸೇರಿಸಿದ ಯೂನಿಟ್ ಇಂಜೆಕ್ಟರ್ ಅನ್ನೋ ದಾರಿನೂ ಬಂತು, ಫೋಕ್ಸ್‌ವ್ಯಾಗನ್ 1998ರಲ್ಲಿ ಅದರಿಂದ 2000 ಬಾರ್ ತೆಗೆದು ತೋರಿಸ್ತು, ಆದ್ರೆ ಪ್ರೆಷರ್ ಮತ್ತೆ ಕ್ಯಾಮಿಗೇ ಕಟ್ಟಿಬಿದ್ದಿತ್ತು, ಹಾಗಾಗಿ ಕಡೆಗೆ ಅವರೂ ಕಾಮನ್ ರೈಲಿಗೇ ಬಂದ್ರು.

2000 ಬಾರ್ ಅಂದ್ರೆ ಬರೀ ನಂಬರಾಗಿ ಕಾಣಬಾರದು. ಒಂದು ಚದರ ಸೆಂಟಿಮೀಟರ್ ಜಾಗ, ಅಂದ್ರೆ ಕಿರುಬೆರಳಿನ ಉಗುರಷ್ಟು ಜಾಗದ ಮೇಲೆ 2 ಟನ್ ಭಾರ. ಕಾರಿನ ಟೈರಲ್ಲಿ ಇರೋ ಗಾಳಿಯ ಒಂಬೈನೂರು ಪಟ್ಟು. ಸಮುದ್ರದ ಅತಿ ಆಳದ ಜಾಗ ಮರಿಯಾನ ಕಂದಕದ ತಳದಲ್ಲಿ ನೀರಿನ ಒತ್ತಡ ಹತ್ತಿರ ಹತ್ತಿರ 1100 ಬಾರ್, ಅದರ ಹತ್ತಿರ ಹತ್ತಿರ ಎರಡರಷ್ಟು ನಿಮ್ಮ ಬಾನೆಟ್ ಕೆಳಗಿದೆ. ಈ ಪ್ರೆಷರಲ್ಲಿ ಡೀಸೆಲ್ 0.1 ಮಿಲಿಮೀಟರ್ ಆಸುಪಾಸಿನ ತೂತಿಂದ ಹೊರಗೆ ಬರುವಾಗ ವೇಗ ಸೆಕೆಂಡಿಗೆ 500 ಮೀಟರ್ ದಾಟತ್ತೆ, ಗಾಳಿಯಲ್ಲಿ ಶಬ್ದ ಹೋಗೋದು ಸೆಕೆಂಡಿಗೆ 340 ಮೀಟರ್.

ಡೀಸೆಲ್ ಹೋಗೋ ದಾರಿ ಹೀಗಿದೆ. ಟ್ಯಾಂಕಲ್ಲಿರೋ ಸಣ್ಣ ಪಂಪ್ ಕೆಲವೇ ಬಾರ್ ಪ್ರೆಷರಲ್ಲಿ ಫಿಲ್ಟರಿಗೆ ತಳ್ಳತ್ತೆ, ಕೆಲವು ಎಂಜಿನ್ನಲ್ಲಿ ಆ ಪಂಪ್ ಇರಲ್ಲ, ಮುಂದಿನ ಪಂಪೇ ಎಳ್ಕೊಳ್ಳತ್ತೆ. ಫಿಲ್ಟರಲ್ಲಿ ಕಸ ನಿಲ್ಲತ್ತೆ, ನೀರು ಬೇರೆಯಾಗಿ ಕೆಳಗೆ ಇಳಿಯತ್ತೆ. ಅಲ್ಲಿಂದ ಹೈ ಪ್ರೆಷರ್ ಪಂಪು, ಅದರ ಬಾಯಲ್ಲಿ ಒಂದು ಮೀಟರಿಂಗ್ ವಾಲ್ವ್ ಇರತ್ತೆ, ಎಷ್ಟು ಬೇಕೋ ಅಷ್ಟೇ ಡೀಸೆಲ್ ಒಳಗೆ ಬಿಡತ್ತೆ, ಸುಮ್ಮನೆ ಜಾಸ್ತಿ ಹಿಂಡಿ ವಾಪಸ್ ಬಿಟ್ರೆ ಎಂಜಿನ್ನಿನ ಪವರ್ರೇ ದಂಡ ಆಗತ್ತೆ ಅಲ್ವಾ. ಪಂಪಿಂದ ರೈಲಿಗೆ. ರೈಲ್ ತುದಿಯಲ್ಲಿರೋ ಪ್ರೆಷರ್ ಸೆನ್ಸರ್ ಕ್ಷಣಕ್ಷಣಕ್ಕೂ ಇಸಿಯುಗೆ, ಅಂದ್ರೆ ಎಂಜಿನ್ನಿನ ಕಂಪ್ಯೂಟರಿಗೆ, ವರದಿ ಕೊಡ್ತಾ ಇರತ್ತೆ, ಇಸಿಯು ಅದನ್ನ ನೋಡ್ಕೊಂಡು ಮೀಟರಿಂಗ್ ವಾಲ್ವನ್ನ ಸರಿಸ್ತಾ ಇರತ್ತೆ, ಐಡ್ಲಿಂಗ್‌ನಲ್ಲಿ 250-300 ಬಾರ್ ಸಾಕು ಅಂದ್ರೆ ಅಷ್ಟೇ, ಪೂರ್ತಿ ಒತ್ತಿದ್ರೆ ಎಂಜಿನ್ ಎಷ್ಟು ತಾಳತ್ತೋ ಅಲ್ಲಿವರೆಗೂ.

ಇನ್ನು ಇಂಜೆಕ್ಟರ್, ಇಡೀ ವ್ಯವಸ್ಥೆಯಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ, ಯಾಕಂದ್ರೆ ಇದರ ಜಾಣ್ಮೆ ಹೊರಗಿಂದ ಕಾಣಲ್ಲ. ಎಷ್ಟೋ ಜನ ಅಂದ್ಕೊಂಡಿರೋದು ಏನಂದ್ರೆ ಕರೆಂಟ್ ಕೊಟ್ಟಾಗ ಕಾಯಿಲ್ ಆಯಸ್ಕಾಂತವಾಗಿ ನಾಜಲ್ ತೂತು ಮುಚ್ಚಿರೋ ಸೂಜಿಯನ್ನ ಮೇಲೆ ಎಳೆಯತ್ತೆ, ಡೀಸೆಲ್ ಹೋಗತ್ತೆ ಅಂತ. ಹಾಗಲ್ಲ. 2000 ಬಾರ್ ಒತ್ತಿ ಹಿಡಿದಿರೋ ಸೂಜಿಯನ್ನ ಅಷ್ಟು ಬೇಗ ಎಳೆಯೋ ಶಕ್ತಿ ಅಷ್ಟು ಪುಟ್ಟ ಕಾಯಿಲಿಗೆ ಇಲ್ಲ. ಅದಕ್ಕೇ ಡೀಸೆಲ್ಲಿನ ಬಲವನ್ನೇ ಡೀಸೆಲ್ ವಿರುದ್ಧ ಬಳಸಿದ್ದಾರೆ. ಸೂಜಿಯ ತಲೆ ಮೇಲೆ ಒಂದು ಪುಟ್ಟ ಕೋಣೆ ಇದೆ, ಕಂಟ್ರೋಲ್ ಚೇಂಬರ್. ರೈಲಿಂದ ಬಂದ ಡೀಸೆಲ್ ಎರಡು ಕಡೆ ಹೋಗತ್ತೆ, ಕೆಳಗೆ ಸೂಜಿಯ ಮೊನೆ ಹತ್ರ, ಮೇಲೆ ಈ ಕೋಣೆಗೆ. ಎರಡೂ ಕಡೆ ಒಂದೇ ಪ್ರೆಷರ್, ಆದ್ರೆ ಮೇಲುಗಡೆ ಒತ್ತೋ ಜಾಗ ದೊಡ್ಡದು, ಹಾಗಾಗಿ ಸೂಜಿ ಕೆಳಗೆ ಒತ್ತಿಕೊಂಡು ತೂತು ಮುಚ್ಚಿರತ್ತೆ. ಕೋಣೆಯ ಚಾವಣಿಯಲ್ಲಿ ಒಂದು ಸಣ್ಣ ತೂತು, ಅದರ ಮೇಲೆ ಪುಟ್ಟ ಗುಂಡು ಕೂತಿದೆ. ಕಾಯಿಲಿಗೆ ಕರೆಂಟ್ ಬಂದಾಗ ಎತ್ತೋದು ಈ ಗುಂಡನ್ನ ಮಾತ್ರ. ಗುಂಡು ಎದ್ದ ತಕ್ಷಣ ಕೋಣೆಯಲ್ಲಿದ್ದ ಡೀಸೆಲ್ ಆ ತೂತಿಂದ ರಿಟರ್ನ್ ಲೈನಿಗೆ, ಅಂದ್ರೆ ಟ್ಯಾಂಕಿಗೆ ವಾಪಸ್ ಹೋಗೋ ಪೈಪಿಗೆ, ಹೋಗತ್ತೆ, ಒಳಗೆ ಬರೋ ದಾರಿ ಹೊರಗೆ ಹೋಗೋ ದಾರಿಗಿಂತ ಸಣ್ಣದಿರೋದ್ರಿಂದ ಕೋಣೆ ಅಷ್ಟು ಬೇಗ ಮತ್ತೆ ತುಂಬಲ್ಲ, ಪ್ರೆಷರ್ ಇಳಿಯತ್ತೆ, ಮೇಲಿಂದ ಒತ್ತೋರು ಇಲ್ಲದೆ ಹೋದಾಗ ಕೆಳಗಿನ ಪ್ರೆಷರ್ ಸೂಜಿಯನ್ನ ಎತ್ತಿಬಿಡತ್ತೆ, ನಾಜಲ್ ತೆರೆಯತ್ತೆ. ಕರೆಂಟ್ ನಿಂತ್ರೆ ಗುಂಡು ಕೂರತ್ತೆ, ಕೋಣೆ ತುಂಬತ್ತೆ, ಸೂಜಿ ಮುಚ್ಚತ್ತೆ.

ಇಡೀ ಆಟ ಮುಗಿಯೋದು ಒಂದೆರಡು ಮಿಲಿಸೆಕೆಂಡಲ್ಲಿ, ಕೆಲವು ಸಲ ಅದಕ್ಕಿಂತಲೂ ಬೇಗ. 2000 ಆರ್‌ಪಿಎಂನಲ್ಲಿ ಒಂದು ಗಂಟೆ ಓಡಿದ್ರೆ ಒಂದು ಇಂಜೆಕ್ಟರ್ 60,000 ಸಲ ತನ್ನ ಸರದಿ ಮುಗಿಸಿರತ್ತೆ, ಒಂದೊಂದು ಸರದಿಗೆ ಮೂರು ಕಂತು ಅಂದ್ಕೊಂಡ್ರೆ 1,80,000 ಸಲ ಗುಂಡು ಎದ್ದು ಕೂತಿರತ್ತೆ. ಆ ರಿಟರ್ನ್ ಲೈನಿಗೆ ಹೋಗೋ ಡೀಸೆಲ್ ಬಗ್ಗೆ ಮುಂದೆ ಮತ್ತೆ ಹೇಳ್ತೀನಿ, ಇಂಜೆಕ್ಟರಿನ ಆರೋಗ್ಯ ತಿಳಿಯೋಕೆ ಅದೇ ದಾರಿ.

ಕಾಯಿಲ್ ಬದಲು ಪೀಜೋ ಅನ್ನೋ ಇನ್ನೊಂದು ಜಾತಿ ಇದೆ. ನೂರಾರು ತೆಳು ಪದರದ ಸೆರಾಮಿಕ್ ಬಿಲ್ಲೆಗಳನ್ನ ಒಂದರ ಮೇಲೊಂದು ಜೋಡಿಸಿರ್ತಾರೆ, ವೋಲ್ಟೇಜ್ ಕೊಟ್ರೆ ಅದು ಮೈಕ್ರಾನ್ ಲೆಕ್ಕದಲ್ಲಿ ಸ್ವಲ್ಪ ಉದ್ದ ಆಗತ್ತೆ, ಆ ಚೂರು ಉದ್ದವೇ ವಾಲ್ವ್ ತೆರೆಯೋಕೆ ಸಾಕು. ಕಾಯಿಲಿಗಿಂತ ಚುರುಕು, ಆದ್ರೆ ದುಬಾರಿ, ರಿಪೇರಿ ಕಷ್ಟ. ಕಾಯಿಲ್ ಇಂಜೆಕ್ಟರ್‌ಗಳೂ ಈಗ ಬಹಳ ಸುಧಾರಿಸಿರೋದ್ರಿಂದ ಪೀಜೋನೇ ಬೇಕು ಅನ್ನೋ ಪರಿಸ್ಥಿತಿ ಈಗ ಇಲ್ಲ.

ಈಗ ಈ ಕಂತುಗಳ ವಿಷಯ. ಹಳೇ ಡೀಸೆಲ್ಲಿನ ಟಕಟಕ ಸದ್ದು ಯಾಕೆ ಬರ್ತಿತ್ತು ಗೊತ್ತಾ? ಡೀಸೆಲ್ ಒಳಗೆ ಬಿದ್ದ ಕ್ಷಣಕ್ಕೇ ಹತ್ಕೊಳ್ಳಲ್ಲ, ಆವಿಯಾಗಿ ಬೆರೆಯೋಕೆ ಒಂದು ಚೂರು ಹೊತ್ತು ಬೇಕು. ಆ ಹೊತ್ತಲ್ಲಿ ಡೀಸೆಲ್ ಸುರೀತಾನೇ ಇರತ್ತೆ, ಸೇರ್ಕೊಂಡಿರೋದೆಲ್ಲಾ ಒಟ್ಟಿಗೇ ಭಗ್ ಅಂತ ಹತ್ಕೊಂಡಾಗ ಪ್ರೆಷರ್ ಒಮ್ಮೆಲೇ ಏರಿ ಸುತ್ತಿಗೆ ಏಟಿನ ಥರ ಪಿಸ್ಟನ್ನಿಗೆ ಬೀಳತ್ತೆ, ಆ ಸದ್ದು ಅದೇ. ಕಾಮನ್ ರೈಲಲ್ಲಿ ಏನ್ ಮಾಡ್ತಾರೆ ಅಂದ್ರೆ ಮೊದಲು ಒಂದೆರಡು ಘನ ಮಿಲಿಮೀಟರ್ ಮಾತ್ರ ಹಾಕ್ತಾರೆ, ಅಂದ್ರೆ ಹನಿಯ ಮೂವತ್ತನೇ ಒಂದು ಭಾಗ, ಇದಕ್ಕೆ ಪೈಲಟ್ ಇಂಜೆಕ್ಷನ್ ಅಂತಾರೆ. ಅದು ಹತ್ಕೊಂಡು ಸಿಲಿಂಡರ್ ಒಳಗನ್ನ ಬಿಸಿ ಮಾಡಿ ಇಟ್ಟಿರತ್ತೆ, ಆಮೇಲೆ ಬರೋ ಮುಖ್ಯ ಕಂತು ಬೀಳ್ತಾ ಬೀಳ್ತಾನೇ ಉರಿಯತ್ತೆ, ಗುಂಪುಗಟ್ಟೋಕೆ ಅವಕಾಶ ಇಲ್ಲ. ಒಲೆಗೆ ಮೊದಲು ಪುಳ್ಳೆ ಹತ್ತಿಸಿ ಆಮೇಲೆ ಸೌದೆ ಇಟ್ಟ ಹಾಗೆ. ಇವತ್ತಿನ ಡೀಸೆಲ್ ಕಾರೊಳಗೆ ಕೂತ್ರೆ ಪೆಟ್ರೋಲಾ ಡೀಸೆಲ್ಲಾ ಅಂತ ಅನುಮಾನ ಬರೋ ಹಾಗಾಗಿರೋದಕ್ಕೆ ದೊಡ್ಡ ಕಾರಣ ಈ ಪುಟ್ಟ ಕಂತು, ಸೌಂಡ್ ಇನ್ಸುಲೇಷನ್ ಎಲ್ಲಾ ಆಮೇಲಿನ ಮಾತು.

ಇದರಿಂದ ಸಿಕ್ಕಿದ ಲಾಭಗಳಲ್ಲಿ ಮೈಲೇಜ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಅದು ಸರಿ, ಪೂರ್ತಿ ಉರಿದ್ರೆ ಅದೇ ಡೀಸೆಲ್ಲಿಗೆ ಜಾಸ್ತಿ ಕೆಲಸ ಸಿಗತ್ತೆ. ಆದ್ರೆ ನನ್ನ ಪ್ರಕಾರ ದೊಡ್ಡ ಲಾಭ ಕೆಳಗಿನ ಆರ್‌ಪಿಎಂನ ಎಳೆತ. ಎಂಜಿನ್ 1500ರಲ್ಲಿ ಇದ್ರೂ ರೈಲಲ್ಲಿ ಒಳ್ಳೆ ಪ್ರೆಷರ್ ಇರತ್ತೆ, ಟರ್ಬೋ ಗಾಳಿ ಕೊಟ್ಟ ಕೂಡಲೇ ಅದಕ್ಕೆ ತಕ್ಕ ಡೀಸೆಲ್ಲನ್ನ ನುಣ್ಣಗೆ ಹಾಕಬಹುದು, ಹಾಗಾಗಿ ಸಣ್ಣ ಎಂಜಿನ್ನಿಂದಲೇ ಹಿಂದಿನ ದೊಡ್ಡ ಎಂಜಿನ್ನಿನ ಟಾರ್ಕ್ ಬರತ್ತೆ. ಚಳಿಯಲ್ಲಿ ಬೇಗ ಸ್ಟಾರ್ಟ್ ಆಗತ್ತೆ. ಇನ್ನೊಂದು ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು: ಕ್ರ್ಯಾಂಕ್ ಸೆನ್ಸರ್ ನೋಡ್ಕೊಂಡು ಯಾವ ಸಿಲಿಂಡರ್ ಸ್ವಲ್ಪ ಸೋಮಾರಿ ಅಂತ ಇಸಿಯು ಕಂಡುಹಿಡಿದು ಅದಕ್ಕೆ ಚೂರು ಜಾಸ್ತಿ, ಜೋರಿರೋದಕ್ಕೆ ಚೂರು ಕಮ್ಮಿ ಅಂತ ಪ್ರತಿ ಸಿಲಿಂಡರನ್ನೂ ಸಮ ಮಾಡ್ತಾ ಇರತ್ತೆ, ಅದಕ್ಕೇ ಐಡ್ಲಿಂಗ್ ಅಷ್ಟು ನಯವಾಗಿರತ್ತೆ.

ಹೊಗೆ ವಿಷಯ ಮಾತ್ರ ಅಷ್ಟು ಸರಳ ಇಲ್ಲ, ಇಲ್ಲಿ ಒಂದು ಹಗ್ಗಜಗ್ಗಾಟ ಇದೆ. ಚೆನ್ನಾಗಿ ಬಿಸಿಯಾಗಿ ಉರಿದ್ರೆ ಮಸಿ ಕಮ್ಮಿ, ಆದ್ರೆ ಅಷ್ಟು ಶಾಖಕ್ಕೆ ಗಾಳಿಯಲ್ಲಿರೋ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿ ನಾಕ್ಸ್ ಆಗತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಶಾಖ ಇಳಿಸೋಕೆ ಹೋದ್ರೆ ಮಸಿ ಜಾಸ್ತಿ, ಮೈಲೇಜೂ ಕಮ್ಮಿ. ಇಂಜೆಕ್ಷನ್ ಒಂದರಿಂದಲೇ ಎರಡನ್ನೂ ಪೂರ್ತಿ ಗೆಲ್ಲೋಕಾಗಲ್ಲ, ಅದಕ್ಕೇ ಹೊಗೆಯ ಒಂದು ಭಾಗವನ್ನ ವಾಪಸ್ ಒಳಗೆ ಬಿಡೋ ಇಜಿಆರ್, ಮಸಿ ಹಿಡಿಯೋ ಡಿಪಿಎಫ್, ಯೂರಿಯಾ ದ್ರಾವಣ ಚಿಮ್ಮಿಸಿ ನಾಕ್ಸನ್ನ ನೀರಾವಿ ಮತ್ತು ನೈಟ್ರೋಜನ್ ಮಾಡೋ ಎಸ್‌ಸಿಆರ್ ಎಲ್ಲಾ ಬಂದಿರೋದು. 2015ರ ಸೆಪ್ಟೆಂಬರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣ ಇದೇ ಜಾಗದಲ್ಲಿ ಹುಟ್ಟಿದ್ದು. ಟೆಸ್ಟ್ ನಡೀತಿದೆ ಅಂತ ಸಾಫ್ಟ್‌ವೇರಿಗೆ ಗೊತ್ತಾದಾಗ ಒಂದು ಥರ, ರೋಡಲ್ಲಿ ಇನ್ನೊಂದು ಥರ, ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಗಾಡಿಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಅದು ಜನರ ಉಸಿರಿಗೆ ಮಾಡಿದ ಮೋಸ. ಎಂಜಿನ್ ಎಷ್ಟು ಸ್ವಚ್ಛ ಅನ್ನೋದನ್ನ ಕಬ್ಬಿಣದಷ್ಟೇ ಒಳಗೆ ಬರೆದಿರೋ ಕೋಡೂ ತೀರ್ಮಾನಿಸತ್ತೆ ಅಂತ ಎಲ್ಲರಿಗೂ ಅರ್ಥ ಆಗಿದ್ದು ಆಗಲೇ, ಅದಾದ ಮೇಲೇ ಯುರೋಪಲ್ಲಿ ರೋಡ್ ಮೇಲೆ ಓಡಿಸಿ ಅಳೆಯೋ ಪರೀಕ್ಷೆ ಕಡ್ಡಾಯ ಆಗಿದ್ದು.

ಸರಿ, ಹಾಗಾದ್ರೆ ನಾಜೂಕು ಯಾಕೆ? 2000 ಬಾರ್ ಸೋರದೆ ಹಿಡಿಯಬೇಕು ಅಂದ್ರೆ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು 2ರಿಂದ 4 ಮೈಕ್ರಾನ್ ಇರಬೇಕು, ತಲೆಕೂದಲಿನ ದಪ್ಪ 60-80 ಮೈಕ್ರಾನ್. ಈ ಸಂದಿಗೆ ರಬ್ಬರ್ ಸೀಲ್ ಇಲ್ಲ, ಉಕ್ಕಿಗೆ ಉಕ್ಕೇ ಸೀಲು. ಕಣ್ಣಿಗೆ ಕಾಣದ ಧೂಳಿನ ಕಣ ಕೂಡ ಅಲ್ಲಿ ಉಪ್ಪುಕಾಗದ ಥರ ಉಜ್ಜತ್ತೆ. ಇನ್ನೂ ಮುಖ್ಯವಾದ್ದು, ಬಹಳಷ್ಟು ಹೈ ಪ್ರೆಷರ್ ಪಂಪುಗಳಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಲೂಬ್ರಿಕೇಷನ್. ಹಾಗಾಗಿ ಡೀಸೆಲ್ಲಲ್ಲಿ ನೀರು ಬಂದ್ರೆ ಎರಡು ಥರ ಹೊಡೆತ, ಜಾರಿಸೋ ಪದರ ಹರಿದುಹೋಗತ್ತೆ, ತುಕ್ಕೂ ಹಿಡಿಯತ್ತೆ. ಗಂಧಕ ಕಮ್ಮಿ ಮಾಡೋಕೆ ಡೀಸೆಲ್ಲನ್ನ ಶುದ್ಧೀಕರಿಸುವಾಗ ಅದರ ಸಹಜ ಜಾರುತನವೂ ಹೋಗಿಬಿಡತ್ತೆ, ಅದಕ್ಕೆ ಮತ್ತೆ ಅಡಿಟಿವ್ ಸೇರಿಸಿ ಮಾರ್ತಾರೆ. ಹಳೇ ಇನ್‌ಲೈನ್ ಪಂಪು ಬದುಕಿದ್ದು ಗಟ್ಟಿ ಇತ್ತು ಅಂತ ಮಾತ್ರ ಅಲ್ಲ, ಅದು ಕೆಲಸ ಮಾಡ್ತಿದ್ದ ಪ್ರೆಷರೇ ಇದಕ್ಕಿಂತ ತುಂಬಾ ಕಮ್ಮಿ, ಸವೆದ್ರೂ ಹೇಗೋ ಓಡ್ತಿತ್ತು, ಹೊಗೆ ಜಾಸ್ತಿ ಬರ್ತಿತ್ತು, ಯಾರೂ ಅಳೀತಿರಲಿಲ್ಲ.

ಅದಕ್ಕೇ ಫಿಲ್ಟರ್ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯೋದು. ಇಡೀ ಗಾಡಿಯಲ್ಲಿ ಅಗ್ಗದ ಭಾಗಗಳಲ್ಲಿ ಒಂದು ಅದು, ಅದು ಕಾಪಾಡೋದು ಅತ್ಯಂತ ದುಬಾರಿ ಭಾಗಗಳನ್ನ. ಕಂಪನಿ ಹೇಳಿದ ಕಿಲೋಮೀಟರಿಗೆ ಬದಲಾಯಿಸಿ, ಕಂಪನಿ ಹೇಳಿದ ದರ್ಜೆಯದ್ದೇ ಹಾಕಿ, ನೋಡೋಕೆ ಒಂದೇ ಥರ ಇರೋ ಅಗ್ಗದ ಫಿಲ್ಟರಲ್ಲಿ ಒಳಗಿನ ಕಾಗದದ ತೂತು ದೊಡ್ಡದಿದ್ರೆ ಕಸ ಆರಾಮಾಗಿ ದಾಟಿಹೋಗತ್ತೆ. ನೀರಿನ ಲೈಟ್ ಹತ್ತಿದ್ರೆ ಆವತ್ತೇ ಫಿಲ್ಟರ್ ಕೆಳಗಿನ ಡ್ರೈನ್ ತಿರುಗಿಸಿ ನೀರು ಬಿಡಿ, ನಾಳೆ ನೋಡೋಣ ಅನ್ಬೇಡಿ. ಟ್ಯಾಂಕನ್ನ ಯಾವಾಗಲೂ ಖಾಲಿ ಹತ್ರ ಇಟ್ಕೊಂಡು ಓಡಿಸೋ ಅಭ್ಯಾಸನೂ ಒಳ್ಳೇದಲ್ಲ, ಖಾಲಿ ಜಾಗದ ಗಾಳಿಯಲ್ಲಿರೋ ತೇವ ತಣ್ಣಗಾಗಿ ನೀರಾಗತ್ತೆ, ರಿಟರ್ನ್ ಲೈನಿಂದ ಬರೋ ಬಿಸಿ ಡೀಸೆಲ್ ತಣಿಯೋಕೂ ಜಾಗ ಇರಲ್ಲ.

ತಪ್ಪಿ ಪೆಟ್ರೋಲ್ ಹಾಕಿಸಿಬಿಟ್ರೆ ಕೀ ತಿರುಗಿಸಲೇಬೇಡಿ. ಸ್ಟಾರ್ಟ್ ಮಾಡೋದಿರಲಿ, ಎಷ್ಟೋ ಗಾಡಿಗಳಲ್ಲಿ ಕೀ ಆನ್ ಮಾಡಿದ್ರೇ ಟ್ಯಾಂಕಿನ ಪಂಪ್ ಓಡಿ ಪೆಟ್ರೋಲನ್ನ ಮುಂದೆ ಕಳಿಸಿಬಿಡತ್ತೆ. ಪೆಟ್ರೋಲಿಗೆ ಜಾರುತನ ಇಲ್ಲ, ಹೈ ಪ್ರೆಷರ್ ಪಂಪಿನ ಉಕ್ಕು ಉಕ್ಕನ್ನೇ ಕೆರೆದು ಪುಡಿ ಮಾಡತ್ತೆ, ಆ ಪುಡಿ ರೈಲಿಗೆ, ಇಂಜೆಕ್ಟರಿಗೆ, ರಿಟರ್ನಿಂದ ಟ್ಯಾಂಕಿಗೆ, ಎಲ್ಲಾ ಕಡೆ ಹರಡತ್ತೆ. ಟ್ಯಾಂಕ್ ಖಾಲಿ ಮಾಡಿಸಿ ತೊಳೆದ್ರೆ ಮುಗಿಯೋ ಕೆಲಸ, ಐದು ನಿಮಿಷ ಓಡಿಸಿದ್ರೆ ಇಡೀ ಸಿಸ್ಟಮ್ ಬದಲಾಯಿಸೋ ಕೆಲಸ ಆಗಬಹುದು.

ರಿಪೇರಿ ಕಡೆ ಬಂದ್ರೆ ತುಂಬಾ ಜನ ಮೋಸ ಹೋಗೋ ಜಾಗ ಒಂದಿದೆ. ಎಷ್ಟು ಸೆಲ್ಫ್ ಹೊಡೆದ್ರೂ ಎಂಜಿನ್ ಸ್ಟಾರ್ಟ್ ಆಗಲ್ಲ, ಸ್ಕ್ಯಾನರ್ ಹಾಕಿದ್ರೆ ರೈಲ್ ಪ್ರೆಷರ್ ಕಮ್ಮಿ ಅಂತ ತೋರಿಸತ್ತೆ, ಪಂಪ್ ಹೋಗಿದೆ ಅಂತ ಪಂಪ್ ಬದಲಾಯಿಸ್ತಾರೆ, ಆದ್ರೂ ಸ್ಟಾರ್ಟ್ ಆಗಲ್ಲ. ವಿಷಯ ಏನಂದ್ರೆ ರೈಲಲ್ಲಿ ಕನಿಷ್ಠ ಪ್ರೆಷರ್, ಸಾಮಾನ್ಯವಾಗಿ 200 ಬಾರ್ ಆಸುಪಾಸು, ಬರೋವರೆಗೂ ಇಸಿಯು ಇಂಜೆಕ್ಟರಿಗೆ ಸಿಗ್ನಲ್ಲೇ ಕೊಡಲ್ಲ. ಆ ಪ್ರೆಷರ್ ಬರದೆ ಇರೋಕೆ ಪಂಪ್ ಒಂದೇ ಕಾರಣ ಅಲ್ಲ. ಒಂದು ಇಂಜೆಕ್ಟರಿನ ಆ ಪುಟ್ಟ ಗುಂಡು ಸವೆದು ಸರಿಯಾಗಿ ಕೂರದೆ ಇದ್ರೆ ಪಂಪ್ ಕಳಿಸಿದ್ದೆಲ್ಲಾ ರಿಟರ್ನಿಗೆ ಸೋರಿಹೋಗತ್ತೆ, ತೂತು ಬಿದ್ದ ಕೊಡಕ್ಕೆ ನೀರು ತುಂಬಿಸಿದ ಹಾಗೆ. ಇದನ್ನ ಕಂಡುಹಿಡಿಯೋಕೆ ಲೀಕ್ ಆಫ್ ಟೆಸ್ಟ್ ಅಂತ ಇದೆ, ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಎಂಜಿನ್ ತಿರುಗಿಸಿ ಯಾವುದರಲ್ಲಿ ಡೀಸೆಲ್ ಜಾಸ್ತಿ ಬಂತು ಅಂತ ನೋಡೋದು. ಇಷ್ಟು ಸರಳ ಪರೀಕ್ಷೆ ಮಾಡದೆ ಪಂಪೂ ನಾಲ್ಕೂ ಇಂಜೆಕ್ಟರೂ ಒಟ್ಟಿಗೇ ಬದಲಾಯಿಸ್ಬೇಕು ಅಂತ ಯಾರಾದ್ರೂ ಹೇಳಿದ್ರೆ ಮೊದಲು ಲೀಕ್ ಆಫ್ ಎಷ್ಟು ಬಂತು ಅಂತ ಕೇಳಿ. ಇಂಜೆಕ್ಟರ್ ಬದಲಾಯಿಸಿದ್ರೆ ಬಹಳಷ್ಟು ಗಾಡಿಗಳಲ್ಲಿ ಅದರ ಮೇಲೆ ಅಚ್ಚಾಗಿರೋ ಕೋಡನ್ನ ಇಸಿಯುಗೆ ಹಾಕಬೇಕು. ಒಂದೇ ಫ್ಯಾಕ್ಟರಿಯಿಂದ ಬಂದ ಎರಡು ಇಂಜೆಕ್ಟರ್ ಕೂಡ ಕೂದಲೆಳೆಯಷ್ಟು ಬೇರೆ ಇರತ್ತೆ, ಆ ವ್ಯತ್ಯಾಸ ಆ ಕೋಡಲ್ಲಿ ಇರತ್ತೆ, ಹಾಕದೆ ಇದ್ರೆ ನಡುಕ, ಹೊಗೆ ಬರಬಹುದು.

ಒಂದು ಎಚ್ಚರಿಕೆಯನ್ನ ಮಾತ್ರ ಒತ್ತಿ ಹೇಳ್ತೀನಿ. ಹಳೇ ಎಂಜಿನ್ನಲ್ಲಿ ಮಿಸ್ಸಿಂಗ್ ಇದ್ರೆ ಓಡ್ತಿರುವಾಗಲೇ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಕೆಲಸ ಮಾಡ್ತಿಲ್ಲ ಅಂತ ನೋಡ್ತಿದ್ರು, ಅನುಭವಿ ಮೆಕ್ಯಾನಿಕ್ಕುಗಳ ಕೈಗೆ ಇದು ಅಭ್ಯಾಸ. ಕಾಮನ್ ರೈಲಲ್ಲಿ ಇದನ್ನ ಯಾವ ಕಾರಣಕ್ಕೂ ಮಾಡಬಾರದು. ಆ ಪ್ರೆಷರಲ್ಲಿ ಬರೋ ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗಿಬಿಡತ್ತೆ, ಹೊರಗೆ ಒಂದು ಚುಕ್ಕೆ ಮಾತ್ರ ಕಾಣತ್ತೆ, ನೋವೂ ಮೊದಲಿಗೆ ಅಷ್ಟಿರಲ್ಲ, ಒಳಗೆ ಡೀಸೆಲ್ ಹರಡಿ ಮಾಂಸ ಸಾಯ್ತಾ ಹೋಗತ್ತೆ, ತಡ ಮಾಡಿದ್ರೆ ಬೆರಳನ್ನೋ ಕೈಯನ್ನೋ ಕಳಕೊಳ್ಳಬೇಕಾಗತ್ತೆ. ಹಾಗೇನಾದ್ರೂ ಆದ್ರೆ ಗಾಯ ಸಣ್ಣದಿದೆ ಅಂತ ಬಿಡದೆ ತಕ್ಷಣ ಆಸ್ಪತ್ರೆಗೆ ಹೋಗಿ ಡೀಸೆಲ್ ಇಂಜೆಕ್ಟ್ ಆಗಿದೆ ಅಂತ ಬಾಯಿಬಿಟ್ಟು ಹೇಳಬೇಕು. ಸೋರಿಕೆ ಹುಡುಕೋಕೆ ಕೈ ಸವರಬೇಡಿ, ರಟ್ಟಿನ ತುಂಡು ಹಿಡೀರಿ, ಪೈಪ್ ಬಿಚ್ಚೋ ಮೊದಲು ಎಂಜಿನ್ ಆಫ್ ಮಾಡಿ ಪ್ರೆಷರ್ ಪೂರ್ತಿ ಇಳಿಯೋಕೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಬಿಡಿ.

ಡಿಪಿಎಫ್ ಬಗ್ಗೆನೂ ಒಂದು ಮಾತು, ಯಾಕಂದ್ರೆ ಅದರ ತೊಂದರೆಗೂ ಇಂಜೆಕ್ಟರಿಗೂ ಸಂಬಂಧ ಇದೆ. ಹಿಡಿದಿಟ್ಟ ಮಸಿಯನ್ನ ಸುಡೋಕೆ ಸುಮಾರು 600 ಡಿಗ್ರಿ ಶಾಖ ಬೇಕು, ಅದಕ್ಕೆ ಇಸಿಯು ಮುಖ್ಯ ಕಂತು ಮುಗಿದ ಮೇಲೆ ತಡವಾಗಿ ಇನ್ನೊಂದು ಕಂತು ಹಾಕತ್ತೆ, ಆ ಡೀಸೆಲ್ ಎಕ್ಸಾಸ್ಟ್ ಕಡೆ ಹೋಗಿ ಉರಿದು ಶಾಖ ಕೊಡತ್ತೆ. ದಿನಾ ಎರಡು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡೋರಿಗೆ ಈ ಸುಡೋ ಕೆಲಸ ಅರ್ಧಕ್ಕೇ ನಿಲ್ಲತ್ತೆ, ಪದೇ ಪದೇ ಹೀಗಾದ್ರೆ ಡಿಪಿಎಫ್ ಕಟ್ಟಿಕೊಳ್ಳತ್ತೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರಿ ಆಯಿಲ್ ತೆಳ್ಳಗಾಗತ್ತೆ. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಮಟ್ಟ ಇಳಿಯೋ ಬದಲು ಏರಿದ್ರೆ ಇದೇ ಅಂತ ಅನುಮಾನ ಪಡಬೇಕು. ಹತ್ತಿರದ ಓಡಾಟ ಮಾತ್ರ ಇರೋರು ಡೀಸೆಲ್ ತಗೊಳ್ಳೋದೇ ಬೇಡ ಅನ್ನೋದು ನನ್ನ ನೇರ ಅಭಿಪ್ರಾಯ, ಅವರಿಗೆ ಎಲೆಕ್ಟ್ರಿಕ್ಕೋ ಪೆಟ್ರೋಲೋ ಸರಿ.

ಹಾಗಂತ ಡೀಸೆಲ್ಲಿನ ಕೆಲಸ ಮುಗೀತಾ ಅಂದ್ರೆ, ಸಣ್ಣ ಕಾರುಗಳಲ್ಲಿ ಹೆಚ್ಚುಕಮ್ಮಿ ಹೌದು, ಯಾಕಂದ್ರೆ ಈ ಇಂಜೆಕ್ಷನ್ನು, ಡಿಪಿಎಫ್ಫು, ಎಸ್‌ಸಿಆರ್ರು ಎಲ್ಲಾ ಸೇರಿದ ಖರ್ಚು ಸಣ್ಣ ಗಾಡಿಗೆ ಹೊರೆ. ಆದ್ರೆ ದಿನವಿಡೀ ಭಾರ ಎಳೆಯೋ ಲಾರಿ, ಹೊಲ ಉಳೋ ಟ್ರ್ಯಾಕ್ಟರ್, ಕರೆಂಟ್ ಹೋದಾಗ ಆಸ್ಪತ್ರೆ ನಡೆಸೋ ಜನರೇಟರ್, ಹಡಗು, ಇವುಗಳ ಜಾಗಕ್ಕೆ ಬೇರೆ ಬರೋಕೆ ಇನ್ನೂ ಕಾಲ ಬೇಕು. ಅಷ್ಟರಲ್ಲಿ ಇಂಧನವೇ ಬದಲಾಗ್ತಾ ಇದೆ. ಸಸ್ಯದ ಎಣ್ಣೆ, ಬಳಸಿದ ಅಡುಗೆ ಎಣ್ಣೆಯಿಂದ ಹೈಡ್ರೋಜನ್ ಹಾಯಿಸಿ ಮಾಡೋ ಎಚ್‌ವಿಒ ಅನ್ನೋ ಡೀಸೆಲ್ಲನ್ನ ಎಷ್ಟೋ ಕಾಮನ್ ರೈಲ್ ಎಂಜಿನ್ನುಗಳು ಯಾವ ಬದಲಾವಣೆನೂ ಇಲ್ಲದೆ ಕುಡೀತವೆ, ಸಾಮಾನ್ಯ ಬಯೋಡೀಸೆಲ್ ಮಾತ್ರ ನೀರು ಹೀರೋ ಗುಣ, ಬೇಗ ಕೆಡೋ ಗುಣ ಇರೋದ್ರಿಂದ ಮಿತಿಯಲ್ಲಿ ಬಳಸ್ಬೇಕು. ಹಡಗುಗಳಲ್ಲಿ ಗ್ಯಾಸೋ ಮೆಥನಾಲೋ ಮುಖ್ಯ ಇಂಧನವಾಗಿದ್ರೂ ಅದನ್ನ ಹತ್ತಿಸೋಕೆ ಸ್ಪಾರ್ಕ್ ಪ್ಲಗ್ ಬದಲು ಒಂಚೂರು ಡೀಸೆಲ್ ಚಿಮ್ಮಿಸೋ ಎಂಜಿನ್ನುಗಳು ಈಗಾಗಲೇ ಓಡ್ತಿವೆ. ಸದ್ದು ಕಮ್ಮಿ ಮಾಡೋಕೆ ಅಂತ ಕಾರಲ್ಲಿ ಬಂದ ಪೈಲಟ್ ಇಂಜೆಕ್ಷನ್ ಥರದ್ದೇ ಒಂದು ಪುಟ್ಟ ಕಂತು ಅಲ್ಲಿ ಬೆಂಕಿಕಡ್ಡಿಯ ಕೆಲಸ ಮಾಡ್ತಾ ಇದೆ.